ಒಂದೇ ಒಂದು ಬಿಯರ್ ಬಾಟಲಿಗೆ ಗರಿಷ್ಠ ಎಷ್ಟು ಕೊಡ್ತೀರಿ?

ಹೇಮಾವತಿ_ಹುಡುಗ, ಐಂಡ್‌ಹೋವನ್

ಎಲ್ಲರಿಗೂ ನಮಸ್ಕಾರ. ಹೋದ ವಾರ ಬ್ರಸೆಲ್ಸ್‌ನಲ್ಲಿ ಪ್ರವಾಸಿಗರು ಜಾಸ್ತಿ ಓಡಾಡುವ ಬೀದಿಯ ಅಂಗಡಿಯೊಂದರಲ್ಲಿ ವೆಸ್ಟ್‌ವ್ಲೇಟರೆನ್ 12 ಅನ್ನುವ ಬೆಲ್ಜಿಯಂ ಬಿಯರ್ ಕಣ್ಣಿಗೆ ಬಿತ್ತು. 330 ಮಿಲಿ ಬಾಟಲಿ, ಹಳದಿ ಮುಚ್ಚಳ, ಬೆಲೆ 15 ಯೂರೋ. ನಮ್ಮ ದುಡ್ಡಿನಲ್ಲಿ ಸಾವಿರದ ಐನೂರು ಅಂದುಕೊಳ್ಳಿ. ಇದನ್ನು ಮಾಡುವ ಸನ್ಯಾಸಿಗಳು ಮಠದ ಬಾಗಿಲಲ್ಲಿ ಎರಡು-ಮೂರು ಯೂರೋಗೆ ಕೊಡುತ್ತಾರೆ. ಪಕ್ಕದಲ್ಲಿದ್ದ ಒಬ್ಬರು ಬೆಲೆಯನ್ನೂ ನೋಡದೆ ನಾಲ್ಕು ಬಾಟಲಿ ಎತ್ತಿಕೊಂಡು ಹೋದರು. ನಾನು ಒಂದನ್ನು ಕೈಗೆ ತೆಗೆದುಕೊಂಡೆ, ಇಟ್ಟೆ, ಮತ್ತೆ ತೆಗೆದುಕೊಂಡೆ, ಕೊನೆಗೆ ಇಟ್ಟೇ ಬಂದೆ.

ಪ್ರಶ್ನೆ ಇಷ್ಟೇ. ನಿಮ್ಮ ಸ್ವಂತ ದುಡ್ಡು, ಮನೆಗೆ ತಂದು ಕುಡಿಯುವ ಒಂದು ಬಾಟಲಿ. ಗರಿಷ್ಠ ಎಷ್ಟು? ಬಾರಿನ ಬಿಲ್ ಲೆಕ್ಕಕ್ಕಿಲ್ಲ. ಕಂಪನಿ ಖರ್ಚಿನ ಪಾರ್ಟಿ ಅಂತೂ ಬೇಡವೇ ಬೇಡ. ಅಷ್ಟಕ್ಕೇ ಯಾಕೆ ನಿಲ್ಲುತ್ತೀರಿ ಅನ್ನೋದನ್ನೂ ಬರೆಯಿರಿ.

ಲೆಕ್ಕದ_ರಾಯರು, ಜಯನಗರ

ಐನೂರು ರೂಪಾಯಿ. ಅದೂ ಸಂಬಳ ಬಂದ ದಿನ.

ಅಲ್ಲ ಸ್ವಾಮಿ, ಇಲ್ಲಿ 650 ಮಿಲಿ ಮಾಮೂಲಿ ಬಾಟಲಿಯೇ ಇನ್ನೂರರ ಹತ್ತಿರ ಬಂದು ಕೂತಿದೆ. 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ 185ಕ್ಕೆ ಏರಿಸಿದರು. ನಾವು ದಿನಾ ಕೊಳ್ಳುತ್ತಿರುವುದೇ ದುಬಾರಿ ಬಾಟಲಿ. ಅದಕ್ಕೆ ಸನ್ಯಾಸಿಗಳ ಆಶೀರ್ವಾದ ಬೇರೆ ಯಾಕೆ?

ಲೂವೆನ್_ಅಕ್ಕ

ರಾಯರೇ, ಸನ್ಯಾಸಿಗಳನ್ನು ಬೈಯಬೇಡಿ. ಈ ಕಥೆಯಲ್ಲಿ ದುಡ್ಡಿನ ಆಸೆ ಇಲ್ಲದವರು ಅವರೊಬ್ಬರೇ.

ನಾನು ಆ ಮಠಕ್ಕೆ ಹೋಗಿದ್ದೇನೆ. ಸಿಂಟ್ ಸಿಕ್ಸ್‌ಟಸ್ ಅಂತ ಹೆಸರು. ಪಶ್ಚಿಮ ಫ್ಲಾಂಡರ್ಸ್‌ನಲ್ಲಿ, ಫ್ರಾನ್ಸ್ ಗಡಿ ಹತ್ತಿರ, ಹಾಪ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ತೋಟಗಳ ಮಧ್ಯೆ ಇದೆ. ಬಸ್ಸು ನಂಬಿಕೊಂಡು ಹೋಗಬೇಡಿ. ಎದುರಿಗೆ ಇನ್ ದ ವ್ರೇದೆ ಅನ್ನುವ ಕೆಫೆ ಇದೆ, ಅಲ್ಲಿ ಗ್ಲಾಸಿನಲ್ಲಿ ಸಿಗುತ್ತದೆ. ಮೂರು ಬಗೆ: ಹಸಿರು ಮುಚ್ಚಳದ್ದು ಬ್ಲಾಂಡ್, ನೀಲಿಯದು 8, ಹಳದಿಯದು 12. ತುಂಬಾ ಕಾಲ ಬಾಟಲಿಗೆ ಲೇಬಲ್ಲೇ ಇರಲಿಲ್ಲ. ಹೇಳಬೇಕಾದ್ದೆಲ್ಲ ಆ ಚಿಕ್ಕ ಮುಚ್ಚಳದ ಮೇಲೆಯೇ ಅಚ್ಚು ಹಾಕುತ್ತಿದ್ದರು.

2005ರ ಸುಮಾರಿಗೆ ಅಂತರ್ಜಾಲದ ರೇಟಿಂಗ್‌ನಲ್ಲಿ ಈ 12 ಜಗತ್ತಿನ ಅತ್ಯುತ್ತಮ ಬಿಯರ್ ಅಂತ ಬಂತು. ಅಲ್ಲಿಂದ ಶುರುವಾಯಿತು ನೋಡಿ ಗಲಾಟೆ. ಕಾರುಗಳ ಸಾಲು ಊರಾಚೆಗೂ ಹೋಯಿತು. ಮಠದವರು ಫೋನಿನಲ್ಲಿ ಮೊದಲೇ ಹೇಳಿಟ್ಟವರಿಗೆ ಮಾತ್ರ ಅಂತ ಮಾಡಿದರು. ಕಾರಿನ ನಂಬರ್ ಕೊಡಬೇಕು, ಹೇಳಿದ ಹೊತ್ತಿಗೆ ಹೋಗಿ ಎತ್ತಿಕೊಳ್ಳಬೇಕು. ಫೋನ್ ಸಿಗುವುದೇ ದೊಡ್ಡ ಪವಾಡ. 2019ರಲ್ಲಿ ಆನ್‌ಲೈನ್ ಬುಕಿಂಗ್ ತಂದರು. ಯಾರು ತುಂಬಾ ದಿನದಿಂದ ಕೊಂಡಿಲ್ಲವೋ ಅವರಿಗೆ ಮೊದಲ ಸರದಿ. ಮಾರಾಟಕ್ಕೆ ಅಂತ ಒಯ್ಯಬೇಡಿ, ಕುಡಿಯೋಕೆ ಮಾತ್ರ ಅಂತ ಸ್ಪಷ್ಟವಾಗಿ ಹೇಳುತ್ತಾರೆ.

ಬೇಡಿಕೆ ಇಷ್ಟಿದ್ದರೂ ಬೇಕೆಂದೇ ಜಾಸ್ತಿ ಮಾಡುವುದಿಲ್ಲ. ಸನ್ಯಾಸಿಗಳಾಗಿ ಬದುಕೋಕೆ ಬೇಕಾದಷ್ಟು ದುಡ್ಡು ಬಂದರೆ ಸಾಕು, ಅದಕ್ಕಾಗಿ ಬಿಯರ್ ಮಾಡುತ್ತೇವೆ ಅನ್ನುವುದು ಅವರ ಮಾತು. ಹಾಗಾಗಿ ಹೇಮಾವತಿಯವರು ನೋಡಿದ ಆ 15 ಯೂರೋದಲ್ಲಿ ಮಠಕ್ಕೆ ಹೋಗಿದ್ದು ಎರಡು-ಮೂರು. ಉಳಿದದ್ದು ಕಾರು ಓಡಿಸಿಕೊಂಡು ಹೋಗಿ ತಂದವನಿಗೆ ಮತ್ತು ಅಂಗಡಿಯವನಿಗೆ.

ನನ್ನ ಮಿತಿ: ವೆಸ್ಟ್‌ವ್ಲೇಟರೆನ್‌ಗೆ ಮಠದ ಬೆಲೆ, ಒಂದು ಸೆಂಟ್ ಜಾಸ್ತಿ ಇಲ್ಲ. ಬೇರೆ ಬಾಟಲಿಗೆ 40 ಯೂರೋವರೆಗೂ ಕೊಟ್ಟಿದ್ದೇನೆ. ಅದರ ಕಥೆ ಆಮೇಲೆ.

ಹೇಮಾವತಿ_ಹುಡುಗ

ಅಕ್ಕ, ನಮ್ಮ ನೆದರ್ಲೆಂಡ್ಸ್‌ನಲ್ಲೂ ಒಂದು ಗಲಾಟೆ ಆಗಿತ್ತು. 2018ರಲ್ಲಿ ಯಾನ್ ಲಿಂಡರ್ಸ್ ಅನ್ನುವ ಸೂಪರ್‌ಮಾರ್ಕೆಟ್‌ನವರು 7,200 ಬಾಟಲಿ ತಂದು, ಒಂದಕ್ಕೆ 9.95 ಯೂರೋ ಇಟ್ಟು ಮಾರಿದರು. ಮಧ್ಯವರ್ತಿಗಳ ಕೈಯಿಂದ ಬಂದ ಮಾಲು. ಮಠದವರಿಗೆ ಬೇಸರವಾಯಿತು, ಬಹಿರಂಗವಾಗಿಯೇ ಹೇಳಿದರು. ಆದರೆ ಅಷ್ಟು ಹೊತ್ತಿಗೆ ಬಾಟಲಿಗಳು ಖಾಲಿಯಾಗಿದ್ದವು.

ಶಿಕಾಗೋ_ಗೌಡ

ಒಂದು ಸೇರ್ಪಡೆ. ಸನ್ಯಾಸಿಗಳೇ ಒಮ್ಮೆ ಜಾಸ್ತಿ ಬೆಲೆಗೆ ಮಾರಿದ್ದಾರೆ. ಮಠದ ಕಟ್ಟಡ ರಿಪೇರಿಗೆ ದುಡ್ಡು ಬೇಕಾಗಿತ್ತು. 2012ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಒಂದು ಸಲ ಮಾತ್ರ ಕಳಿಸಿದರು. ಆರು ಬಾಟಲಿ, ಎರಡು ಗ್ಲಾಸಿನ ಪೆಟ್ಟಿಗೆ, 84.99 ಡಾಲರ್. ಇಲ್ಲಿ ನಿಮಿಷಗಳಲ್ಲಿ ಖಾಲಿ. ಅದಕ್ಕೂ ಜನ ದುಬಾರಿ ಅನ್ನಲಿಲ್ಲ, ಅಗ್ಗ ಅಂದರು!

ಅಮೆರಿಕದ ಹುಚ್ಚು ಬೇರೆ ಮಟ್ಟದ್ದು. ನನ್ನ ಮನೆಯಿಂದ ಅರ್ಧ-ಮುಕ್ಕಾಲು ಗಂಟೆ ದೂರ, ಇಂಡಿಯಾನಾದ ಮನ್‌ಸ್ಟರ್ ಅನ್ನುವ ಊರಲ್ಲಿ ತ್ರೀ ಫ್ಲಾಯ್ಡ್ಸ್ ಬ್ರೂವರಿ ಇದೆ. ಡಾರ್ಕ್ ಲಾರ್ಡ್ ಅನ್ನುವ ಸ್ಟೌಟ್ (ಕಪ್ಪು ಬಗೆಯ ಬಿಯರ್) ಅವರದು. ಎಂಜಿನ್ ಆಯಿಲ್ ಥರ ಕಪ್ಪಗೆ, ಶೇ. 15ರ ಆಸುಪಾಸು ಆಲ್ಕೋಹಾಲ್, ಬಾಟಲಿಯ ಕತ್ತಿಗೆ ಮೇಣ. ವರ್ಷಕ್ಕೆ ಒಂದು ದಿನ ಹಬ್ಬ ಮಾಡಿ ಟಿಕೆಟ್ ಇದ್ದವರಿಗೆ ಮಾರುತ್ತಾರೆ. ಜನ ರಾಜ್ಯ ದಾಟಿ ಬರುತ್ತಾರೆ, ಮಡಚುವ ಕುರ್ಚಿ ಹಾಕಿಕೊಂಡು ಸಾಲಿನಲ್ಲಿ ಕೂರುತ್ತಾರೆ. ಸಾಲಿನಲ್ಲೇ ಒಬ್ಬರಿಗೊಬ್ಬರು ತಂದದ್ದನ್ನು ಸುರಿದುಕೊಡುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಆ ಸಾಲೇ ಇಷ್ಟ.

ಆಯೋವಾದಲ್ಲಿ ಡೆಕೋರಾ ಅಂತ ಸಣ್ಣ ಊರು. ಅಲ್ಲಿನ ಟಾಪ್ಲಿಂಗ್ ಗೋಲಯತ್ ಬ್ರೂವರಿಯ ಕೆಂಟಕಿ ಬ್ರಂಚ್ ಅನ್ನುವ ಸ್ಟೌಟ್ ಬಾಟಲಿ ಕೈ ಬದಲಾಯಿಸುವಾಗ ನೂರಾರು ಡಾಲರ್ ಆಗುತ್ತದೆ. ಲೀಟರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುವ ಬಾಟಲಿ ಅದು.

ನಾನು ಕೊಟ್ಟ ಗರಿಷ್ಠ 240 ಡಾಲರ್. ಸ್ಯಾಮ್ಯುಯೆಲ್ ಆಡಮ್ಸ್ ಬ್ರಾಂಡಿನ ಯುಟೋಪಿಯಾಸ್ ಬಿಯರ್. 2021ರದು, ಅಂಗಡಿ ಬೆಲೆಯೇ ಅಷ್ಟು. ನಾವು ಎಂಟು ಜನ ದುಡ್ಡು ಹಾಕಿದ್ದೆವು, ಹಾಗಾಗಿ ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನೀವೇ ಹೇಳಿ.

ಲೆಕ್ಕದ_ರಾಯರು

240 ಡಾಲರ್! ಗೌಡ್ರೇ, ಆ ದುಡ್ಡಿಗೆ ಒಳ್ಳೆ ಸ್ಕಾಚ್ ಬರುತ್ತಿತ್ತು. ಅದೂ ಎರಡು.

ಶಿಕಾಗೋ_ಗೌಡ

ರಾಯರೇ, ಅದು ಬಿಯರ್ ಥರ ಇರಲೇ ಇಲ್ಲ. ಶೇ. 28 ಆಲ್ಕೋಹಾಲ್. ಒಂದು ಗುಳ್ಳೆಯೂ ಇಲ್ಲ, ನೊರೆಯೂ ಇಲ್ಲ. ಬಾಟಲಿ ಬ್ರೂವರಿಯ ತಾಮ್ರದ ಹಂಡೆಯ ಆಕಾರದಲ್ಲಿದೆ. ಮುಚ್ಚಳ ತೆಗೆದರೆ ಖರ್ಜೂರ, ಒಣದ್ರಾಕ್ಷಿ, ಹಳೇ ಮರದ ವಾಸನೆ. ಫ್ರಿಜ್‌ನಲ್ಲಿ ಇಡಬಾರದು, ಮಾಮೂಲಿ ತಾಪಮಾನದಲ್ಲಿ ಚಿಕ್ಕ ಗ್ಲಾಸಿಗೆ 30 ಮಿಲಿ ಹಾಕಿಕೊಂಡು ನೆಕ್ಕಬೇಕು. ಬಾಟಲಿ 750 ಮಿಲಿ ಆಸುಪಾಸು, ಅಂದರೆ 25 ಸಲ ಸುರಿಯಬಹುದು. ಒಂದಕ್ಕೆ ಹತ್ತು ಡಾಲರ್ ಕೂಡ ಆಗಲಿಲ್ಲ. ಇಲ್ಲಿ ಬಾರಿನಲ್ಲಿ ಒಂದು ಸಾಧಾರಣ ಪೈಂಟ್ ಕುಡಿದು ಟಿಪ್ಸ್ ಇಟ್ಟರೆ ಅಷ್ಟೇ ಆಗುತ್ತದೆ.

ಇನ್ನೊಂದು ತಮಾಷೆ. ಅಮೆರಿಕದ ಹದಿನೈದು ರಾಜ್ಯಗಳಲ್ಲಿ ಆ ಬಾಟಲಿ ಮಾರುವ ಹಾಗೇ ಇರಲಿಲ್ಲ. ಬಿಯರ್‌ನಲ್ಲಿ ಅಷ್ಟು ಆಲ್ಕೋಹಾಲ್ ಇರಬಾರದು ಅಂತ ಕಾನೂನು.

ಮಾಲ್ಟ್_ಮಂಜ, ಬೆಂಗಳೂರು

ನಮ್ಮಲ್ಲೂ ಅಷ್ಟೇ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಶೇ. 5ರಿಂದ 8ರವರೆಗೆ ಸ್ಟ್ರಾಂಗ್ ಬಿಯರ್. ಅಲ್ಲಿಗೆ ಮುಗಿಯಿತು. ವೆಸ್ಟ್‌ವ್ಲೇಟರೆನ್ 12ರಲ್ಲೇ 10.2 ಇದೆ.

ನಾನು ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತೇನೆ, ಖರ್ಚಿನ ಕಡೆಯಿಂದ ಸ್ವಲ್ಪ ಹೇಳ್ತೀನಿ. ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಬೆಲೆ ಕಲಸಿಹೋಗಿವೆ. ಒಂದು, ಮಾಡುವವನ ಕೈಯಿಂದ ಹೋದ ದುಡ್ಡು. ಇನ್ನೊಂದು, ಸಿಗಲ್ಲ ಅನ್ನೋ ಕಾರಣಕ್ಕೆ ಏರಿದ ದುಡ್ಡು.

ಮೊದಲನೆಯದು. ಗೋಧಿ ಬಿಯರ್ ಒಂದು ಬ್ಯಾಚ್ ಎರಡು-ಮೂರು ವಾರದಲ್ಲಿ ಟ್ಯಾಂಕ್ ಬಿಟ್ಟು ಹೋಗುತ್ತದೆ. ಇನ್ನೊಂದು ಬ್ಯಾಚ್ ಹಾಕಬಹುದು. ಇಂಪೀರಿಯಲ್ ಸ್ಟೌಟ್, ಅಂದರೆ ಆಲ್ಕೋಹಾಲ್ ಜಾಸ್ತಿ ಇರುವ ಸ್ಟೌಟ್‌ಗೆ ಅದೇ ಪ್ರಮಾಣದ ಬಿಯರ್‌ಗೆ ಎರಡರಷ್ಟು, ಕೆಲವು ಸಲ ಅದಕ್ಕಿಂತ ಜಾಸ್ತಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬೇಕು. ಆಮೇಲೆ ಬ್ಯಾರೆಲ್. ಅಮೆರಿಕದ ಕಾನೂನಿನಂತೆ ಬೋರ್ಬನ್ ವಿಸ್ಕಿಗೆ ಪ್ರತಿ ಸಲ ಹೊಸ, ಒಳಗೆ ಸುಟ್ಟ ಓಕ್ ಬ್ಯಾರೆಲ್ ಬೇಕು. ಒಮ್ಮೆ ಬಳಸಿದ್ದನ್ನು ಅವರು ಮಾರಿಬಿಡುತ್ತಾರೆ, ಬಿಯರ್‌ನವರು ಕೊಳ್ಳುತ್ತಾರೆ. ಸುಮಾರು 200 ಲೀಟರ್ ಹಿಡಿಯುತ್ತದೆ. ಅದರಲ್ಲಿ ಒಂದು ವರ್ಷ ಇಟ್ಟರೆ ಸ್ವಲ್ಪ ಆವಿಯಾಗಿ ಹೋಗುತ್ತದೆ. ಕೆಲವು ಬ್ಯಾರೆಲ್ ಹುಳಿ ತಿರುಗುತ್ತವೆ, ಚರಂಡಿಗೆ ಸುರಿಯಬೇಕು. ಅಷ್ಟು ದಿನ ಜಾಗದ ಬಾಡಿಗೆ, ಸಾಲದ ಬಡ್ಡಿ ಸುಮ್ನೆ ಕೂರಲ್ಲ.

ಇಷ್ಟೆಲ್ಲ ಸೇರಿಸಿದರೂ, ನನ್ನ ಅಂದಾಜಿನಲ್ಲಿ, ಒಂದು ದೊಡ್ಡ ಬಾಟಲಿ ಗಿರಾಕಿಯ ಕೈಗೆ ಬರುವ ಹೊತ್ತಿಗೆ 30 ಯೂರೋ ದಾಟಿಸುವುದು ಕಷ್ಟ. ಅದರ ಮೇಲಿನದೆಲ್ಲ ಎರಡನೇ ಬಗೆಯ ದುಡ್ಡು. ಚಿನ್ನಸ್ವಾಮಿ ಗೇಟಿನ ಹೊರಗೆ ಬ್ಲ್ಯಾಕ್‌ನಲ್ಲಿ ಐಪಿಎಲ್ ಟಿಕೆಟ್ ಕೊಂಡ ಹಾಗೆ. ಕೊಹ್ಲಿಗೆ ಅದರಲ್ಲಿ ಪಾಲಿಲ್ಲ.

ನನ್ನ ಮಿತಿ ಮೂರು ಸಾವಿರ ರೂಪಾಯಿ. ಮಾಡಿದವನಿಗೆ ತಲುಪುವ ಹಾಗಿದ್ದರೆ ಮಾತ್ರ.

ಮಂಗ್ಳೂರ್_ಬೊಂಡ

ಮಾರಾಯ್ರೆ, ನೀವು ಬಿಯರ್‌ಗೆ ಕೊಡುವ ದುಡ್ಡಿನ ಬಗ್ಗೆ ಮಾತಾಡ್ತಿದ್ದೀರಿ. ಸತ್ತ ಅಳಿಲಿಗೆ ದುಡ್ಡು ಕೊಟ್ಟವರೂ ಇದ್ದಾರೆ.

2010ರಲ್ಲಿ ಸ್ಕಾಟ್ಲೆಂಡಿನ ಬ್ರೂಡಾಗ್‌ನವರು ಶೇ. 55 ಆಲ್ಕೋಹಾಲಿನ ಬಿಯರ್ ಮಾಡಿ, ‘ದಿ ಎಂಡ್ ಆಫ್ ಹಿಸ್ಟರಿ’ ಅಂತ ಹೆಸರಿಟ್ಟು, ಹನ್ನೆರಡೇ ಬಾಟಲಿ ತುಂಬಿಸಿದರು. ಪ್ರತಿ ಬಾಟಲಿಯನ್ನೂ ಒಣಹುಲ್ಲು ತುಂಬಿದ ಪ್ರಾಣಿಯ ಒಳಗೆ ತೂರಿಸಿದ್ದರು. ಅಳಿಲು, ಕಾಡುಮೊಲ, ಮತ್ತೆ ಮುಂಗುಸಿಯ ಥರದ ಒಂದು ಪ್ರಾಣಿ. ಬೆಲೆ 500 ಮತ್ತು 700 ಪೌಂಡ್. ಅಳಿಲಿನ ಬಾಯಿಂದ ಬಾಟಲಿಯ ಕತ್ತು ಹೊರಗೆ ಬಂದಿರುವ ಫೋಟೋ ನೋಡಿದ ಮೇಲೆ ನನಗೆ ಎರಡು ದಿನ ಬಿಯರ್ ಬೇಡ ಅನ್ನಿಸಿತ್ತು.

ಕೇಳ್ಬೇಕಾದ್ದು ಇನ್ನೊಂದುಂಟು. 55 ಪರ್ಸೆಂಟ್ ಅಂದ್ರೆ ವಿಸ್ಕಿಗಿಂತ ಜಾಸ್ತಿ. ಅದು ಬಿಯರ್ ಹೇಗಾಗ್ತದೆ ಮಾರಾಯ್ರೆ?

ಮಾಲ್ಟ್_ಮಂಜ

ಹೆಪ್ಪುಗಟ್ಟಿಸಿ. ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಆಲ್ಕೋಹಾಲ್ ಅಷ್ಟಕ್ಕೆಲ್ಲ ಜಗ್ಗಲ್ಲ. ಬಿಯರ್‌ನ್ನು ತುಂಬಾ ತಣ್ಣಗೆ ಮಾಡಿ ಐಸ್ ತೆಗೆದು ಬಿಸಾಕಿದರೆ ಉಳಿದದ್ದರಲ್ಲಿ ಆಲ್ಕೋಹಾಲ್ ಜಾಸ್ತಿ. ಮತ್ತೆ ಮತ್ತೆ ಮಾಡಿದರೆ ಇನ್ನೂ ಜಾಸ್ತಿ. ಜರ್ಮನಿಯಲ್ಲಿ ಐಸ್‌ಬಾಕ್ ಅಂತ ಹಳೇ ಪದ್ಧತಿಯೇ ಇದೆ, ಆದರೆ ಅದು ಹದವಾಗಿರುತ್ತದೆ. ಬ್ರೂಡಾಗ್‌ನವರಿಗೂ ಜರ್ಮನಿಯ ಶೋರ್ಶ್‌ಬ್ರಾಯ್‌ನವರಿಗೂ ಆಗ ಪೈಪೋಟಿ ನಡೆದಿತ್ತು. 2009ರಲ್ಲಿ ಬ್ರೂಡಾಗ್ ಶೇ. 32, ಮುಂದಿನ ವರ್ಷ 41, ಜರ್ಮನಿಯವರು ಅದಕ್ಕಿಂತ ಮೇಲೆ, ಬ್ರೂಡಾಗ್ 55, ಜರ್ಮನಿಯವರು 57. ಕುಡಿಯೋಕೆ ಅಲ್ಲ, ಪೇಪರ್‌ನಲ್ಲಿ ಬರೋಕೆ.

ಕೋಪನ್‌ಹೇಗನ್_ಕಿಟ್ಟಿ

ಪೇಪರ್‌ನಲ್ಲಿ ಬರೋಕೆ ಅಂದಿರಲ್ಲ, ನಮ್ಮೂರ ಕಾರ್ಲ್ಸ್‌ಬರ್ಗ್ ಕೂಡ ಅದನ್ನೇ ಮಾಡಿತ್ತು, ಆದರೆ ಸೂಟು ಹಾಕಿಕೊಂಡು. 2008ರಲ್ಲಿ ಯಾಕೋಬ್ಸನ್ ವಿಂಟೇಜ್ ನಂಬರ್ 1 ತಂದರು. ಓಕ್ ಬ್ಯಾರೆಲ್‌ನಲ್ಲಿ ಇಟ್ಟಿದ್ದ ಬಿಯರ್, ಶೇ. 10.5. ಆರು ನೂರು ಬಾಟಲಿ, ಒಂದಕ್ಕೆ 2008 ಕ್ರೋನ. ಹೌದು, ಇಸವಿಯೇ ಬೆಲೆ. ಆಗ ಸುಮಾರು 400 ಡಾಲರ್. ಅದು ಖರ್ಚು ನೋಡಿ ಇಟ್ಟ ಬೆಲೆ ಅಲ್ಲ ಅಂತ ಹೇಳೋಕೆ ಲೆಕ್ಕಿಗ ಬೇಕಾಗಿಲ್ಲ. ನಮ್ಮದೂ ವೈನ್ ಪಕ್ಕ ಕೂರುತ್ತದೆ ಅಂತ ತೋರಿಸೋಕೆ ಮಾಡಿದ್ದು.

ಇಲ್ಲೇ ನನ್ನ ಪ್ರಶ್ನೆ ಬರುವುದು. ವೈನ್ ಬಾಟಲಿ ಐದು ಸಾವಿರ ಅಂದರೆ ಯಾರೂ ಹುಬ್ಬೇರಿಸಲ್ಲ. ಬಿಯರ್ ಸಾವಿರದ ಐನೂರು ಅಂದರೆ ರಾಯರು ಎದ್ದು ನಿಲ್ಲುತ್ತಾರೆ. ಯಾಕೆ?

ಲೆಕ್ಕದ_ರಾಯರು

ವೈನ್ ಐದು ಸಾವಿರ ಅಂದರೂ ಎದ್ದು ನಿಲ್ಲುತ್ತೇನೆ. ನೀವು ನೋಡಿಲ್ಲ ಅಷ್ಟೇ.

ಮಾಲ್ಟ್_ಮಂಜ

ಕಿಟ್ಟಿ ಅವರೇ, ದ್ರಾಕ್ಷಿ ವರ್ಷಕ್ಕೊಂದೇ ಬೆಳೆ. ಬರ್ಗಂಡಿಯ ಒಂದು ಹೊಲದ ದ್ರಾಕ್ಷಿ ಆ ಹೊಲದಲ್ಲೇ ಬೆಳೆಯಬೇಕು, ಆ ಹೊಲ ದೊಡ್ಡದಾಗಲ್ಲ. ಬಿಯರ್‌ಗೆ ಬಾರ್ಲಿ ಎಲ್ಲಿಂದ ಬೇಕಾದರೂ ತರಿಸಬಹುದು. ಜರ್ಮನಿಯ ಮಾಲ್ಟ್, ಅಮೆರಿಕದ ಹಾಪ್, ಬೆಂಗಳೂರಿನ ನೀರು. ಮುಂದಿನ ವಾರ ಮತ್ತೆ ಮಾಡಬಹುದು. ಬೇಡಿಕೆ ಇದ್ದರೆ ಟ್ಯಾಂಕ್ ಇನ್ನೊಂದು ಹಾಕಬಹುದು. ಹಾಗಾಗಿ ಬಿಯರ್‌ನಲ್ಲಿ ಕೊರತೆ ಅನ್ನುವುದು ಬಹಳ ಸಲ ಯಾರೋ ತೀರ್ಮಾನಿಸಿ ಇಟ್ಟುಕೊಂಡದ್ದು. ಮಠದವರು ನೆಮ್ಮದಿಗಾಗಿ ಕಮ್ಮಿ ಮಾಡುತ್ತಾರೆ, ಇನ್ನು ಕೆಲವರು ಸದ್ದು ಮಾಡೋಕೆ ಕಮ್ಮಿ ಮಾಡುತ್ತಾರೆ.

ಇದಕ್ಕೆ ಹೊರತಾದದ್ದು ಲ್ಯಾಂಬಿಕ್. ಅದನ್ನು ಅಕ್ಕನೇ ಹೇಳಲಿ. 40 ಯೂರೋ ಕಥೆ ಬಾಕಿ ಇದೆ.

ಲೂವೆನ್_ಅಕ್ಕ

ಬಂದೆ.

ಲ್ಯಾಂಬಿಕ್ ಬ್ರಸೆಲ್ಸ್ ಸುತ್ತಮುತ್ತಲಿನದು. ಯೀಸ್ಟ್ ಹಾಕುವುದಿಲ್ಲ. ಬಾರ್ಲಿ ಮಾಲ್ಟ್ ಜೊತೆ ಮೊಳಕೆ ಬರಿಸದ ಗೋಧಿ, ಬೇಕೆಂದೇ ಹಳೆಯದು ಮಾಡಿದ ಹಾಪ್ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಆಮೇಲೆ ಅದನ್ನು ಮಾಳಿಗೆಯಲ್ಲಿರುವ ಅಗಲವಾದ, ಮೊಣಕಾಲೆತ್ತರವೂ ಇಲ್ಲದ ತೊಟ್ಟಿಗೆ ಬಿಟ್ಟು ಕಿಟಕಿ ತೆರೆದಿಡುತ್ತಾರೆ. ರಾತ್ರಿಯೆಲ್ಲ ತಣ್ಣಗಾಗುತ್ತಾ ಗಾಳಿಯಲ್ಲಿರುವ ಯೀಸ್ಟ್, ಬ್ಯಾಕ್ಟೀರಿಯಾ ಬಂದು ಸೇರುತ್ತವೆ. ಬೇಸಿಗೆಯಲ್ಲಿ ಮಾಡುವ ಹಾಗಿಲ್ಲ, ಬೇಡದ್ದೆಲ್ಲ ಬಂದು ಕೂರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಚಳಿಗಾಲ ಚಿಕ್ಕದಾಗುತ್ತಿರುವುದರಿಂದ ಆ ಅವಧಿಯೂ ಕಮ್ಮಿಯಾಗುತ್ತಿದೆ.

ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ. ಆಮೇಲೆ ಮೂರು ವಯಸ್ಸಿನದನ್ನೂ ಬೆರೆಸಿ ಬಾಟಲಿಗೆ ಹಾಕಿದರೆ ಅದರಲ್ಲೇ ಮತ್ತೆ ಹುದುಗಿ ಗ್ಯಾಸ್ ಆಗುತ್ತದೆ. ಅದು ಗುಜ್. ಬೆರೆಸುವುದು ನಾಲಿಗೆಯ ಕೆಲಸ, ಅಳತೆಪಟ್ಟಿ ಇಲ್ಲ. ಆಂಡರ್‌ಲೆಖ್ಟ್‌ನ ಕ್ಯಾಂಟಿಯೋನ್ ಬ್ರೂವರಿ 1900ರಿಂದ ಇದೇ ಮಾಡುತ್ತಿದೆ. ಒಳಗೆ ಹೋದರೆ ಜೇಡರ ಬಲೆ ತೆಗೆದಿರಲ್ಲ, ಹುಳ ಹುಪ್ಪಟೆ ತಿನ್ನಲಿ ಅಂತ ಜೇಡಗಳನ್ನು ಬಿಟ್ಟಿರುತ್ತಾರೆ. ಇಷ್ಟೆಲ್ಲ ಆದ ಮೇಲೂ ಬ್ರೂವರಿಯಲ್ಲೇ ಕೊಂಡರೆ ದೊಡ್ಡ ಗುಜ್ ಬಾಟಲಿ ಹತ್ತು-ಹದಿನೈದು ಯೂರೋ ಆಸುಪಾಸು. ಮೂರು ವರ್ಷದ ಕೆಲಸಕ್ಕೆ! ಅದೇ ಬಾಟಲಿ ಸಮುದ್ರ ದಾಟಿದರೆ ಬೆಲೆ ಹಲವು ಪಟ್ಟು.

ಈಗ ನನ್ನ 40 ಯೂರೋ. 2009ರಲ್ಲಿ ಬೇರ್ಸೆಲ್‌ನ ಡ್ರಿ ಫಾಂಟೆನೆನ್ ಅನ್ನುವ ಲ್ಯಾಂಬಿಕ್ ಬ್ರೂವರಿಯಲ್ಲಿ ಥರ್ಮೋಸ್ಟ್ಯಾಟ್ ಕೆಟ್ಟಿತು. ಬಾಟಲಿಗಳು ಮಾಗುತ್ತಿದ್ದ ಕೋಣೆಯಲ್ಲಿ ಹೀಟರ್ ನಿಲ್ಲಲೇ ಇಲ್ಲ. ಬಾಟಲಿಗಳು ಸಿಡಿದವು, ಸಿಡಿಯದೇ ಉಳಿದದ್ದೂ ಬೆಂದುಹೋಗಿತ್ತು. ಹಾಳಾದ ಬಾಟಲಿ 80,000ದ ಆಸುಪಾಸು. ಮಾಲೀಕ ಆರ್ಮಾಂಡ್ ಡೆಬೆಲ್ಡರ್ ಬಾಗಿಲು ಹಾಕುವ ಸ್ಥಿತಿಗೆ ಬಂದರು. ಕುಡಿಯೋಕಾಗದ ಆ ಬಿಯರನ್ನೆಲ್ಲ ಭಟ್ಟಿ ಇಳಿಸಿ ಆರ್ಮಾಂಡ್ ಸ್ಪಿರಿಟ್ ಅಂತ ಮಾರಿದರು. ಉಳಿದ ಲ್ಯಾಂಬಿಕ್‌ನಿಂದ ನಾಲ್ಕು ಋತುಗಳ ಹೆಸರಿನಲ್ಲಿ ಒಂದು ಸಾಲು ಗುಜ್ ತಂದರು. ಜನ ಕೊಂಡು ಬದುಕಿಸಿದರು. ಅವರು 2022ರಲ್ಲಿ ತೀರಿಕೊಂಡರು. ಆ ನಾಲ್ಕು ಋತುಗಳ ಬಾಟಲಿಗಳಿಗೆ ಈಗ ನನ್ನಂಥವರು ಕೈ ಹಾಕೋ ಹಾಗಿಲ್ಲ. ಅದೇ ಮನೆಯ ಬೇರೊಂದು ಹಳೇ ಗುಜ್‌ಗೆ ನಾನು 40 ಕೊಟ್ಟೆ.

ಕಾರ್ಕ್ ತೆಗೆದಾಗ ಸದ್ದು ಮೆಲ್ಲಗೆ ಬಂತು, ಸೋರಿರಬೇಕು ಅಂದುಕೊಂಡೆ. ಗ್ಲಾಸಿಗೆ ಹಾಕಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತಲೇ ಇತ್ತು. ಮೊದಲು ನಿಂಬೆ ಸಿಪ್ಪೆ, ಆಮೇಲೆ ಒದ್ದೆ ಹುಲ್ಲು, ಕೊನೆಗೆ ಲಾಯದ ವಾಸನೆ. ನನ್ನ ಗಂಡ ಒಂದು ಗುಟುಕು ಕುಡಿದು, ‘ಇದು ಕೆಟ್ಟಿದೆ, ವಾಪಸ್ ಕೊಡು’ ಅಂದರು. ಉಳಿದದ್ದೆಲ್ಲ ನನಗೇ.

ಕ್ರೀಸ್‌ನಲ್ಲಿ_ಕಾಳಪ್ಪ, ಮಡಿಕೇರಿ

ಅತಿ ದುಬಾರಿ ಬಿಯರ್ ಯಾವುದು ಅಂತ ಯಾರೂ ಹೇಳಲೇ ಇಲ್ಲವಲ್ಲ. 2019ರ ಆ್ಯಶಸ್ ಸಮಯ, ಮ್ಯಾಂಚೆಸ್ಟರ್. ಆಸ್ಟ್ರೇಲಿಯಾದ ಕ್ರಿಕೆಟ್ ಪತ್ರಕರ್ತ ಪೀಟರ್ ಲೇಲರ್ ಹೋಟೆಲಿನಲ್ಲಿ ಒಂದು ಬಾಟಲಿ ಐಪಿಎ (ಹಾಪ್ ಜಾಸ್ತಿ ಹಾಕುವ ಬಗೆಯ ಬಿಯರ್) ತೆಗೆದುಕೊಂಡರು. ಬೆಲೆ ಐದೂವರೆ ಪೌಂಡ್. ಕಾರ್ಡ್‌ನಿಂದ ಹೋದದ್ದು 55,000 ಪೌಂಡ್‌ಗಿಂತ ಜಾಸ್ತಿ! ಓದುವ ಕನ್ನಡಕ ಹಾಕಿರಲಿಲ್ಲವಂತೆ. ಮನೆಯಿಂದ ಹೆಂಡತಿ ಫೋನ್ ಮಾಡಿ, ಅಕೌಂಟ್‌ನಿಂದ ಅಷ್ಟು ದುಡ್ಡು ಹೋಗಿದೆ ಅಂದಾಗಲೇ ವಿಷಯದ ತೀವ್ರತೆ ಗೊತ್ತಾದದ್ದು.

ಮಂಗ್ಳೂರ್_ಬೊಂಡ

ಆ ಹೆಂಡತಿಯ ಫೋನಿನ ಮಾತು ಕೇಳ್ಬೇಕಿತ್ತು ಮಾರಾಯ್ರೆ.

ಶಿಕಾಗೋ_ಗೌಡ

ಕಾಳಪ್ಪ ಅವರದು ಕೈ ತಪ್ಪಿ ಆದ ದಾಖಲೆ. ಕೊಡ್ತೀನಿ ಅಂದು ಕೊಡದೇ ಹೋದ ದಾಖಲೆಯೂ ಇದೆ.

1852ರಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಆಲ್ಸಾಪ್ ಬ್ರೂವರಿ ಉತ್ತರ ಧ್ರುವದ ಕಡೆ ಹೊರಟ ಹಡಗುಗಳಿಗೆ ಅಂತ ಆರ್ಕ್ಟಿಕ್ ಏಲ್ ಅನ್ನುವ ಗಟ್ಟಿಯಾದ ಬಿಯರ್ ಮಾಡಿತ್ತು. ಆ ಹೆಸರಿನ ಹಳೇ ಬಾಟಲಿಯೊಂದು 2007ರಲ್ಲಿ ಈಬೇನಲ್ಲಿ ಮಾರಾಟಕ್ಕೆ ಬಂತು. ಮಾರುವವರು ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟು ಬರೆದಿದ್ದರು, ಹುಡುಕುವವರಿಗೆ ಸಿಗಲಿಲ್ಲ. 304 ಡಾಲರ್‌ಗೆ ಹೋಯಿತು. ಕೊಂಡವನು ಹೆಸರು ಸರಿಯಾಗಿ ಬರೆದು ಮತ್ತೆ ಹಾಕಿದ. ಬಿಡ್ ಏರಿ ಏರಿ 503,300 ಡಾಲರ್‌ಗೆ ನಿಂತಿತು. ಜಗತ್ತಿನ ಪತ್ರಿಕೆಗಳೆಲ್ಲ ಅರ್ಧ ಮಿಲಿಯನ್ ಡಾಲರ್ ಬಿಯರ್ ಅಂತ ಬರೆದವು. ಆದರೆ ಬಿಡ್ ಮಾಡಿದವರು ದುಡ್ಡು ಕೊಡಲೇ ಇಲ್ಲ. ಇವತ್ತಿಗೂ ಅತಿ ದುಬಾರಿ ಬಿಯರ್‌ಗಳ ಪಟ್ಟಿಗಳಲ್ಲಿ ಅದೇ ಮೊದಲು ಕಾಣುತ್ತದೆ.

ನಿಜವಾಗಿ ದುಡ್ಡು ಕೈ ಬದಲಾದದ್ದಕ್ಕೆ ಉದಾಹರಣೆ ಬೇಕಾದರೆ, 1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಸುಟ್ಟು ಬಿದ್ದಾಗ ಅವಶೇಷದಲ್ಲಿ ಸಿಕ್ಕಿದ ಲೋವೆನ್‌ಬ್ರಾಯ್ ಬಾಟಲಿ 2009ರ ಹರಾಜಿನಲ್ಲಿ ಸುಮಾರು ಹತ್ತು ಸಾವಿರ ಪೌಂಡ್‌ಗೆ ಹೋಯಿತು. ಅದನ್ನು ಯಾರೂ ಕುಡಿಯೋಕೆ ಕೊಂಡಿರಲ್ಲ ಬಿಡಿ.

ಹೇಮಾವತಿ_ಹುಡುಗ

ಕುಡಿಯೋಕೆ ಅಲ್ಲದ್ದು ಬೇಡ. ಕುಡಿಯೋ ಬಾಟಲಿ ಮಾತ್ರ ಅಂತ ಮೊದಲೇ ಹೇಳಿದ್ದೆ.

ಕೋಪನ್‌ಹೇಗನ್_ಕಿಟ್ಟಿ

ದಾನಕ್ಕೆ ಅಂತ ಕೊಟ್ಟದ್ದನ್ನೂ ಬೇರೆ ಇಡಬೇಕು. 2010ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ನೇಲ್ ಬ್ರೂಯಿಂಗ್‌ನವರು ಅಂಟಾರ್ಕ್ಟಿಕಾದ ಐಸ್ ಕರಗಿಸಿ ಮೂವತ್ತೇ ಬಾಟಲಿ ಬಿಯರ್ ಮಾಡಿದರು. ಮೊದಲನೆಯದು ಹರಾಜಿನಲ್ಲಿ 800 ಆಸ್ಟ್ರೇಲಿಯನ್ ಡಾಲರ್. ದುಡ್ಡು ಹೋದದ್ದು ತಿಮಿಂಗಿಲ ಉಳಿಸುವ ಸೀ ಶೆಫರ್ಡ್ ಸಂಸ್ಥೆಗೆ. ಅಲ್ಲಿ ಜನ ಬಿಯರ್‌ಗೆ ಕೊಟ್ಟರೋ ತಿಮಿಂಗಿಲಕ್ಕೆ ಕೊಟ್ಟರೋ ಹೇಳೋಕಾಗಲ್ಲ.

ನಿರ್ವಾಹಕ

ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ಒಬ್ಬ ಸದಸ್ಯರು ‘ನನ್ನ ಹತ್ತಿರ ಎರಡು ಬಾಟಲಿ ಇದೆ, ಬೇಕಾದವರು ಸಂಪರ್ಕಿಸಿ’ ಅಂತ ಹಾಕಿದ್ದನ್ನು ತೆಗೆದಿದ್ದೇನೆ. ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಇಲ್ಲಿ ಮಾರಾಟ ಬೇಡ, ಅದಲು ಬದಲೂ ಬೇಡ.

ಒಂಟಿಕೊಪ್ಪಲ್_ಒಬ್ಬ, ಮೈಸೂರು

ಓದುತ್ತಾ ಇದ್ದೆ, ನನ್ನದೂ ಒಂದು ಹೇಳಲೇಬೇಕು. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಬೆಲ್ಜಿಯಂನ ಬಾಟಲಿ, 900 ರೂಪಾಯಿ ಕೊಟ್ಟು ತಂದೆ. ಹಸಿರು ಗಾಜು. ಗಾಜಿನ ಶೋಕೇಸಿನಲ್ಲಿ, ಮೇಲೆ ದೀಪ, ಪಕ್ಕದಲ್ಲಿ ಕಿಟಕಿ, ಅಲಂಕಾರಕ್ಕೆ ಇಟ್ಟಿದ್ದರು. ಮನೆಗೆ ಬಂದು ತೆಗೆದರೆ ಸುಟ್ಟ ರಬ್ಬರ್ ವಾಸನೆ. ಅಂಗಡಿಯವರಿಗೆ ಹೇಳಿದರೆ ‘ವಿದೇಶಿ ಬಿಯರ್ ಹಾಗೇ ಇರುತ್ತೆ ಸಾರ್’ ಅಂದುಬಿಟ್ಟರು. ದುಬಾರಿ ಬಾಟಲಿಗೆ ದುಡ್ಡು ಕೊಡೋಕೆ ನಾನು ಸಿದ್ಧ. ಅದನ್ನು ಸರಿಯಾಗಿ ಇಟ್ಟಿದ್ದಾರೆ ಅನ್ನೋ ಗ್ಯಾರಂಟಿ ಯಾರು ಕೊಡ್ತಾರೆ?

ಮಾಲ್ಟ್_ಮಂಜ

ಅದು ಬೆಳಕು ತಗುಲಿ ಆದದ್ದು ಸಾರ್. ಹಾಪ್‌ನ ಕಹಿ ಅಂಶಕ್ಕೆ ಬೆಳಕು ತಾಗಿದರೆ ಗಂಧಕದ ವಾಸನೆ ಹುಟ್ಟುತ್ತದೆ. ಕಂದು ಗಾಜು ಬಹಳ ಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ತಡೆಯಲ್ಲ. ಟ್ಯೂಬ್‌ಲೈಟ್ ಸಾಕು, ಬಿಸಿಲೇ ಬೇಕಂತಿಲ್ಲ. ಅದರ ಜೊತೆ ಹಡಗಿನ ಕಂಟೇನರ್, ಚೆನ್ನೈ ಬಂದರು, ಗೋದಾಮು, ಎಲ್ಲ ಕಡೆ ಸೆಕೆ. ಸೆಕೆಯಲ್ಲಿ ಬಿಯರ್ ಬೇಗ ಮುದಿಯಾಗುತ್ತದೆ, ಒದ್ದೆ ರಟ್ಟಿನ ರುಚಿ ಬರುತ್ತದೆ. ಮೊದಲು ಸಾಯುವುದು ಐಪಿಎ. ಹಾಪ್‌ನ ಘಮ ತಿಂಗಳುಗಳಲ್ಲಿ ಇಳಿದುಹೋಗುತ್ತದೆ. ಹಾಗಾಗಿ ವಿದೇಶಿ ಐಪಿಎಗೆ ನಮ್ಮ ಊರಲ್ಲಿ ಜಾಸ್ತಿ ದುಡ್ಡು ಕೊಡಲೇಬೇಡಿ. ಗಟ್ಟಿ, ಕಪ್ಪು, ಆಲ್ಕೋಹಾಲ್ ಜಾಸ್ತಿ ಇರುವವು ತಡೆದುಕೊಳ್ಳುತ್ತವೆ, ಲ್ಯಾಂಬಿಕ್ ಕೂಡ.

ಕೊಳ್ಳುವ ಮುಂಚೆ ತಯಾರಿಸಿದ ದಿನಾಂಕ ನೋಡಿ. ಶೋಕೇಸಿನ ಮುಂದಿನ ಸಾಲಿನದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ.

ಶಿಕಾಗೋ_ಗೌಡ

ದೊಡ್ಡ ಹೆಸರಿದ್ದರೂ ಕೆಡುತ್ತದೆ. ನಮ್ಮೂರ ಗೂಸ್ ಐಲ್ಯಾಂಡ್‌ನ ಬೋರ್ಬನ್ ಕೌಂಟಿ ಗೊತ್ತಲ್ಲ, ಬ್ಯಾರೆಲ್ ಸ್ಟೌಟ್‌ಗೆ ದಾರಿ ತೋರಿಸಿದ್ದೇ ಅದು. 2015ರ ಕೆಲವು ಬಗೆಗಳಲ್ಲಿ ಬ್ಯಾಕ್ಟೀರಿಯಾ ಸೇರಿ ಹುಳಿಯಾಯಿತು. ಕಂಪನಿ ಒಪ್ಪಿಕೊಂಡು ದುಡ್ಡು ವಾಪಸ್ ಕೊಟ್ಟಿತು. ಆಮೇಲೆ ಪಾಶ್ಚರೀಕರಿಸಲು ಶುರು ಮಾಡಿದರು. ವಾಪಸ್ ಸಿಕ್ಕಿದ್ದು ಅಂಗಡಿ ಬೆಲೆ ಮಾತ್ರ. ಎರಡನೇ ಕೈಯಿಂದ ಮೂರು ಪಟ್ಟು ಕೊಟ್ಟು ಕೊಂಡವರು ಯಾರನ್ನು ಕೇಳಬೇಕು?

ಅದಕ್ಕೇ ನನ್ನ ನಿಯಮ: ಅಂಗಡಿ ಬೆಲೆ ಎಷ್ಟೇ ಇರಲಿ, ಹಂಚಿಕೊಳ್ಳುವ ಜನ ಇದ್ದರೆ ಕೊಡ್ತೀನಿ. ಮರುಮಾರಾಟದ ಬೆಲೆ ಕೊಡಲ್ಲ.

ಹೇಮಾವತಿ_ಹುಡುಗ

ಹಾಗಾದರೆ ನಾನು 15 ಯೂರೋ ಬಾಟಲಿ ಬಿಟ್ಟು ಬಂದದ್ದು ಸರಿ ಅಂತಾಯ್ತು. ಆದರೂ ಆ ರುಚಿ ಹೇಗಿರುತ್ತೆ ಅನ್ನೋ ಆಸೆ ಹೋಗಿಲ್ಲ.

ಲೂವೆನ್_ಅಕ್ಕ

ಆ ಆಸೆಗೆ ಔಷಧಿ ಅಲ್ಲೇ ಹತ್ತಿರದ ಊರಿನಲ್ಲಿದೆ. ವಾಟೂ ಅನ್ನುವ ಹಳ್ಳಿ, ಸಿಂಟ್ ಬರ್ನಾರ್ಡಸ್ ಬ್ರೂವರಿ. 1946ರಿಂದ 1992ರವರೆಗೆ ಮಠದ ಬಿಯರನ್ನು ಲೈಸೆನ್ಸ್ ಪಡೆದು ಅವರೇ ಮಾಡುತ್ತಿದ್ದರು. ಟ್ರಾಪಿಸ್ಟ್ (ಈ ಪಂಥದ ಸನ್ಯಾಸಿಗಳ) ಬಿಯರ್ ಅನ್ನಬೇಕಾದರೆ ಮಠದ ಗೋಡೆಯೊಳಗೇ ಆಗಬೇಕು ಅನ್ನುವ ನಿಯಮ ಬಂದ ಮೇಲೆ ಆ ಸಂಬಂಧ ಮುಗಿಯಿತು. ಅವರು ತಮ್ಮ ಹೆಸರಿನಲ್ಲಿ ಮುಂದುವರಿಸಿದರು. ಅವರ ಆಬ್ಟ್ 12 ಶೇ. 10. ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಎರಡು-ಮೂರು ಯೂರೋ. ಮಠದವರು ಈಗ ವೆಸ್ಟ್‌ಮಾಲೆ ಮಠದ ಯೀಸ್ಟ್ ಬಳಸುತ್ತಾರೆ. ಹಾಗಾಗಿ ಎರಡೂ ಒಂದೇ ಅಲ್ಲ. ವೆಸ್ಟ್‌ವ್ಲೇಟರೆನ್ ಸ್ವಲ್ಪ ಒಣ, ಬರ್ನಾರ್ಡಸ್ ಸ್ವಲ್ಪ ಸಿಹಿ. ನನಗೆ ಬರ್ನಾರ್ಡಸ್ಸೇ ಇಷ್ಟ, ಇಲ್ಲಿ ಜೋರಾಗಿ ಹೇಳಿದರೆ ಕೆಲವರು ಜಗಳಕ್ಕೆ ಬರುತ್ತಾರೆ.

ಕೋಪನ್‌ಹೇಗನ್_ಕಿಟ್ಟಿ

ಬನ್ನಿ ಜಗಳಕ್ಕೆ. 12ರಲ್ಲಿ ಬರುವ ಆ ಅಂಜೂರದ ರುಚಿ ಬರ್ನಾರ್ಡಸ್‌ನಲ್ಲಿ ಇಲ್ಲವೇ ಇಲ್ಲ. ನಾನು ಒಂದಕ್ಕೆ 10 ಯೂರೋ ಕೊಡ್ತೀನಿ. 15 ಇಲ್ಲ.

ಒಂಟಿಕೊಪ್ಪಲ್_ಒಬ್ಬ

ಯುರೋಪಿನಿಂದ ಊರಿಗೆ ಬರುವಾಗ ಎಷ್ಟು ತರಬಹುದು? ನನ್ನ ತಂಗಿ ಡಿಸೆಂಬರಿನಲ್ಲಿ ಬ್ರಸೆಲ್ಸ್‌ನಿಂದ ಬರುತ್ತಿದ್ದಾಳೆ. ಒಂದು ಗುಜ್, ಉಳಿದದ್ದು ಬರ್ನಾರ್ಡಸ್ ಅಂತ ಯೋಚನೆ.

ಹೇಮಾವತಿ_ಹುಡುಗ

ಸುಂಕ ಇಲ್ಲದೆ ಒಬ್ಬರಿಗೆ ಎರಡು ಲೀಟರ್. ಬಿಯರ್, ವೈನ್, ವಿಸ್ಕಿ ಎಲ್ಲ ಸೇರಿ ಅಷ್ಟೇ. ಬಿಯರ್‌ಗೆ ಬೇರೆ ಲೆಕ್ಕ ಇಲ್ಲ. 330 ಮಿಲಿಯ ಆರು ಬಾಟಲಿ ಅಂದರೆ 1,980 ಮಿಲಿ, ಸರಿಯಾಗಿ ಹಿಡಿಸುತ್ತದೆ. 750ರ ಒಂದು ಗುಜ್ ಇಟ್ಟರೆ ಜೊತೆಗೆ 330ರದು ಮೂರು ಮಾತ್ರ. ಕೈಚೀಲದಲ್ಲಿ ಬಿಡಲ್ಲ, ದೊಡ್ಡ ಸೂಟ್‌ಕೇಸಿನಲ್ಲಿ ಇಡಲಿ. ಪ್ರತಿ ಬಾಟಲಿಯನ್ನೂ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಂಟು ಕಟ್ಟಿ, ಆಮೇಲೆ ಜೀನ್ಸ್ ಪ್ಯಾಂಟಿನ ಕಾಲಿನೊಳಗೆ ತೂರಿಸಿ, ಬಟ್ಟೆಗಳ ನಡುವೆ.

ಲೂವೆನ್_ಅಕ್ಕ

ಗುಜ್ ಬಂದ ದಿನವೇ ತೆಗೆಯಬೇಡಿ, ಪ್ರಯಾಣದಲ್ಲಿ ಕಲಕಿರುತ್ತದೆ. ಮೈಸೂರಿನ ಡಿಸೆಂಬರ್ ಪರವಾಗಿಲ್ಲ, ಕತ್ತಲೆ ಕಪಾಟಿನಲ್ಲಿ ಒಂದೆರಡು ವಾರ ಇಡಿ. ತೆಗೆಯುವ ಹಿಂದಿನ ದಿನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಸುರಿಯುವಾಗ ಬಾಟಲಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಬೇಡಿ, ಗ್ಲಾಸುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೇ ಸಲ ತುಂಬಿಸಿ.